ಎಡಗಡೆಯ ಸ್ಪೀಕರ್

ನಮ್ಮವರನ್ನು ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. 'ಶ್ ಅಂಕಲ್' ಎನ್ನುತ್ತಾರೆ. ಸಂಜೆ ಹಾಡು ಹಾಕಿಕೊಂಡು ಕೂತಾಗ ಯಾರು ಬಾಗಿಲು ತಟ್ಟಿದರೂ, ಪೇಪರಿನವನಾಗಲಿ ನೆಂಟರಾಗಲಿ, ಒಳಗಿನಿಂದ ಮೊದಲು ಬರುವುದು ಆ 'ಶ್' ಒಂದೇ. ಒಮ್ಮೆ ಮನೆ ಮಾಲೀಕರಿಗೇ ಹಾಗಂದುಬಿಟ್ಟರು. ಆಮೇಲೆ ನಾನು ಟೀ ಕೊಟ್ಟು, ಹಲ್ಲು ಕಿರಿದು, ಅವರನ್ನು ತಣ್ಣಗೆ ಮಾಡಬೇಕಾಯಿತು.

ಇವರು ಪ್ರೆಸ್‌ನಲ್ಲಿ ಮಷಿನ್ ನಡೆಸುವವರು. ನಾಲ್ಕು ಬಣ್ಣದ ದೊಡ್ಡ ಮಷಿನ್. ಒಂದು ಬಣ್ಣದ ಮೇಲೆ ಇನ್ನೊಂದು ಬಣ್ಣ ಕೂದಲೆಳೆಯಷ್ಟೂ ಅತ್ತಿತ್ತ ಆಗದೆ ಕೂರಬೇಕು, ಇಲ್ಲದಿದ್ದರೆ ಚಿತ್ರದಲ್ಲಿರುವ ಹೆಂಗಸಿಗೆ ಎರಡೆರಡು ಜೊತೆ ತುಟಿ ಬರುತ್ತದೆ. ದಿನವಿಡೀ ಆ ಗಡಗಡದ ನಡುವೆ ನಿಂತು, ಒಂದು ಹಾಳೆಯ ಬದಲು ಎರಡು ಅಂಟಿಕೊಂಡು ಒಳಹೋದರೆ ಸದ್ದಿನಲ್ಲೇ ಗುರುತು ಹಿಡಿದು ಮಷಿನ್ ನಿಲ್ಲಿಸುತ್ತಾರೆ. ಇಂಥವರಿಗೆ ಮನೆಗೆ ಬಂದ ಮೇಲೆ ಸದ್ದೇ ಬೇಡ ಅನಿಸಬೇಕು ತಾನೇ? ಕೇಳಿ ನೋಡಿ, "ಇಡೀ ದಿನ ಕೊಳೆಯಲ್ಲಿ ನಿಂತವನಿಗೆ ಸ್ನಾನ ಬೇಡ್ವಾ?" ಎಂದು ನಮಗೇ ತಿರುಗಿಸಿ ಕೇಳುತ್ತಾರೆ.

ಆ ಸ್ನಾನದ ಸರಂಜಾಮು ನಮ್ಮ ಮುಂದಿನ ಕೋಣೆಯನ್ನು ಮುಕ್ಕಾಲು ಪಾಲು ನುಂಗಿ ಕೂತಿದೆ. ರೆಕಾರ್ಡ್ ತಿರುಗಿಸುವ ಪ್ಲೇಯರ್, ಅದಕ್ಕೊಂದು ಆಂಪ್ಲಿಫೈಯರ್, ನನ್ನ ಸೊಂಟದೆತ್ತರದ ಎರಡು ಮರದ ಸ್ಪೀಕರ್. ಆಂಪ್ಲಿಫೈಯರ್ ಕೈಯಾರೆ ಕಟ್ಟಿಕೊಟ್ಟವನು ನನ್ನ ತಮ್ಮ. ಬೀದಿಯ ಕೊನೆಯಲ್ಲಿ ಅವನ ರೇಡಿಯೊ, ಟಿವಿ ರಿಪೇರಿ ಅಂಗಡಿಯಿದೆ. ಭಾವ, ಭಾಮೈದ ಸೇರಿ ವರ್ಷಗಟ್ಟಲೆ ಒಂದೊಂದೇ ಭಾಗ ಹುಡುಕಿ ತಂದು ಅದನ್ನು ಜೋಡಿಸಿದರು. ಮಗು ಹುಟ್ಟಿದ ಮನೆಯಲ್ಲೂ ಅಷ್ಟು ಸಂಭ್ರಮ ಇರುತ್ತದೋ ಇಲ್ಲವೋ. ನಾನಂತೂ ಅದನ್ನು ಸವತಿ ಎಂದೇ ಕರೆಯುವುದು. ನನ್ನ ಹೊಲಿಗೆ ಮಷಿನ್ ಇರುವುದು ಅದೇ ಕೋಣೆಯ ಎಡಗಡೆ ಗೋಡೆಗೆ. ಸವತಿ ಬಾಯಿ ತೆರೆದರೆ ನನ್ನ ಮಷಿನ್ ಬಾಯಿ ಮುಚ್ಚಬೇಕು. ಆ ಹೊತ್ತಿನಲ್ಲಿ ನನ್ನದು ಗುಂಡಿ ಹಚ್ಚುವ ಕೆಲಸ.

ಹಾಗಂತ ನನಗೆ ಹಾಡು ಆಗದು ಎಂದಲ್ಲ. ಒಂದು ದಿನ ಇವರು ತಮ್ಮ ಕುರ್ಚಿಯಲ್ಲೇ ನನ್ನನ್ನು ಕೂರಿಸಿ ಕಣ್ಣು ಮುಚ್ಚು ಅಂದರು. "ಈಗ ಹೇಳು, ಹಾಡೋಳು ಎಲ್ಲಿ ನಿಂತಿದ್ದಾಳೆ?" ಎರಡು ಸ್ಪೀಕರುಗಳ ನಡುವೆ ಬರಿಯ ಗೋಡೆಯಿದೆ ಎಂದು ನನಗೆ ಗೊತ್ತು. ಆದರೂ ಅಲ್ಲೊಬ್ಬಳು ನಿಂತಿದ್ದಳು. ಅವಳು ಉಸಿರೆಳೆದುಕೊಳ್ಳುವುದೂ ಕೇಳುತ್ತಿತ್ತು. ಎಡಕ್ಕೆ ಕೊಳಲು, ಬಲಕ್ಕೆ ಪಿಟೀಲು, ನಡುವೆ ಅವಳು. "ಇಲ್ಲೇ, ಎದುರಿಗೆ," ಎಂದೆ. "ಅವಳನ್ನ ಅಲ್ಲಿ ನಿಲ್ಲಿಸೋದು ಸ್ಪೀಕರ್ ಅಲ್ಲ ಕಣೇ, ಎರಡು ಕಿವಿ ಸೇರಿ ನಿಲ್ಲಿಸ್ತವೆ," ಎಂದು ಹೇಳಿದಾಗ ಇವರ ಮುಖ ನೋಡಬೇಕಿತ್ತು.

ಅದೊಂದು ಸೋಮವಾರ. ಕೆಲಸದಿಂದ ಬಂದು, ಉಗುರಿನ ಸಂದಿಯ ಇಂಕೆಲ್ಲ ಉಜ್ಜಿ ತೊಳೆದು, ರೆಕಾರ್ಡ್ ಹಾಕಿ ಕೂತವರು ಒಂದು ನಿಮಿಷಕ್ಕೆಲ್ಲ ಎದ್ದುನಿಂತರು.

"ಎಡಗಡೆ ಹೋಯ್ತು," ಎಂದರು.

"ಏನು ಹೋಯ್ತು?"

"ಕೊಳಲೇ ಇಲ್ಲ. ಅವಳೂ ಪೂರ್ತಿ ಬಲಕ್ಕೆ ಸರಿದುಬಿಟ್ಟಿದ್ದಾಳೆ. ಎಡಗಡೆ ಸ್ಪೀಕರ್ ಸತ್ತೋಗಿದೆ."

ನಾನು ಗುಂಡಿ ಹಚ್ಚುವುದನ್ನು ನಿಲ್ಲಿಸಿ ಕಿವಿಗೊಟ್ಟೆ. "ನಂಗೆ ಚೆನ್ನಾಗೇ ಕೇಳ್ತಿದೆಯಲ್ರೀ."

"ನೀನು ಅದರ ಮಗ್ಗುಲಲ್ಲೇ ಕೂತಿದ್ದೀಯ, ಅದಕ್ಕೆ," ಎಂದರು. ಇರಬಹುದು ಅಂದುಕೊಂಡೆ. ನನಗೇನು ಗೊತ್ತು ಇದೆಲ್ಲ.

ತಮ್ಮ ಬಂದ. ಎಡಗಡೆ ತಂತಿ ಬಲಕ್ಕೆ, ಬಲಗಡೆಯದು ಎಡಕ್ಕೆ ಹಾಕಿದ. ಆಗ ಇನ್ನೊಂದು ಕಡೆ ಸಾಯಬೇಕಿತ್ತಂತೆ. ಸಾಯಲಿಲ್ಲ, ಇವರ ಪಾಲಿಗೆ ಎಡಗಡೆಯೇ ಸತ್ತಿತ್ತು. ಮರುದಿನ ಇಬ್ಬರೂ ಏದುಸಿರು ಬಿಡುತ್ತಾ ಸ್ಪೀಕರುಗಳನ್ನೇ ಎತ್ತಿ ಅದಲು ಬದಲು ಇಟ್ಟರು. ಆಗಲೂ ಎಡಗಡೆಯೇ. ಇವರು ಸೊಂಟದ ಮೇಲೆ ಕೈಯಿಟ್ಟು ಕೋಣೆಯನ್ನೆಲ್ಲ ಒಂದು ಸುತ್ತು ನೋಡಿದರು. ಕಣ್ಣು ಬಂದು ನಿಂತದ್ದು ನನ್ನ ಮೇಲೆ.

"ಬಟ್ಟೆ," ಎಂದರು.

"ಏನು ಬಟ್ಟೆ?"

"ಎಡಗಡೆ ಗೋಡೆಗೆ ನೀನು ರಾಶಿ ಹಾಕಿದ್ದೀಯಲ್ಲ, ಹೊಲಿಯೋ ಬಟ್ಟೆ. ಅದೇ ಸದ್ದನ್ನೆಲ್ಲ ಕುಡೀತಿದೆ."

ಇಷ್ಟು ವರ್ಷ ಕುಡಿಯದ ಬಟ್ಟೆ ಈಗ ಒಮ್ಮೆಲೇ ಬಾಯಾರಿತೇ? ನನ್ನ ಮಷಿನ್, ಬಟ್ಟೆಯ ರಾಶಿ, ಕತ್ತರಿ, ದಾರದ ಡಬ್ಬಿ ಸಮೇತ ಗಂಟುಮೂಟೆ ಕಟ್ಟಿ ನನ್ನನ್ನು ಅಡುಗೆಮನೆಗೆ ಸಾಗಹಾಕಿದರು. ಒಲೆಯ ಪಕ್ಕ ಕೂತು ಹೊಲಿಯುತ್ತಾ ನಾನು ಹೊಟ್ಟೆಯೊಳಗೇ ಕುದಿಯುತ್ತಿದ್ದೆ. ಕೋಣೆಯ ಎಡಗಡೆ ಖಾಲಿಯಾಯಿತು, ಆದರೆ ಕೊಳಲು ಬರಲಿಲ್ಲ.

ಕೊನೆಗೆ ಮಾತು ಆಂಪ್ಲಿಫೈಯರ್‌ಗೆ ಬಂತು. ತಮ್ಮ ಅದನ್ನು ಬಿಚ್ಚಿದ, ನೋಡಿದ, ಮುಚ್ಚಿದ. ಇವರು ಮತ್ತೆ ಬಿಚ್ಚಿಸಿದರು. ಅವನು ಅಂಗಡಿ ಬಾಗಿಲು ಹಾಕಿಕೊಂಡು ಬಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ.

"ಎಲ್ಲೋ ನಿನ್ನ ಬೆಸುಗೆ ಬಿಟ್ಟಿದೆ," ಎಂದರು ಇವರು.

"ಬೆಸುಗೆ ಗಟ್ಟಿಯಾಗಿದೆ ಭಾವ. ನೀವೇ ಮೀಟರ್ ನೋಡಿ. ಎರಡೂ ಕಡೆ ಒಂದೇ ಸಮ ಬರ್ತಿದೆ."

"ಮೀಟರಿಗೆ ಕಿವಿ ಇದ್ಯಾ?"

"ನಂಗಿದೆಯಲ್ಲ. ನಾನೂ ಕೇಳ್ದೆ. ಸರಿಯಾಗಿದೆ."

"ನಿನ್ನ ಕಿವಿ ಮೈಕ್‌ಸೆಟ್ ರಿಪೇರಿ ಮಾಡಿ ಮಾಡಿ ಕೆಟ್ಟುಹೋಗಿದೆ. ಅದನ್ನ ನಂಬ್ಕೊಂಡು ಕೂತ್ರೆ ಆಯ್ತು."

ತಮ್ಮ ಎದ್ದ. ಸ್ಕ್ರೂಡ್ರೈವರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡ. "ಬರ್ತೀನಿ ಅಕ್ಕ," ಎಂದು ನನ್ನ ಮುಖವನ್ನೂ ನೋಡದೆ ಮೆಟ್ಟಿಲಿಳಿದ. ತಂದಿಟ್ಟ ಟೀ ಹಾಗೇ ಆರಿತು. ನನಗೆ ಉರಿದುಹೋಯಿತು. ಗಂಡ ನನ್ನನ್ನು ಏನಾದರೂ ಅನ್ನಲಿ, ತಿರುಗಿ ನಾಲ್ಕು ಕೊಡುವುದು ನನಗೆ ಗೊತ್ತಿದೆ. ಆ ಹುಡುಗ ಎದುರಾಡುವವನಲ್ಲ.

"ಕೆಟ್ಟಿರೋದು ನಿಮ್ಮ ಕಿವಿ ಇರಬೇಕು," ಎಂದೆ. "ಹೋಗಿ ತೋರಿಸ್ಕೊಳ್ಳಿ."

ನಾನು ಸಿಟ್ಟಿಗೆ ಅಂದದ್ದು. ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಆದರೆ ಇವರ ಮುಖ ಬಿಗಿದುಕೊಂಡ ಬಗೆ ನೋಡಿ ನನಗೇ ಒಂದು ಥರ ಆಯಿತು. "ನನ್ನ ಕಿವಿ ವಿಷಯಕ್ಕೆ ಬರಬೇಡ," ಎಂದರು. ದನಿ ಏರಿಸಲಿಲ್ಲ.

ಭಾನುವಾರ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಹೊಲಿಯುತ್ತಿದ್ದೆ. ಇವರು ಮುಂದಿನ ಕೋಣೆಯಲ್ಲಿ ಸುಮ್ಮನೆ ಕೂತಿದ್ದರು. ಅವರ ಎಡಗಡೆ, ಮಲಗುವ ಕೋಣೆಯಲ್ಲಿ ಫೋನು ರಿಂಗಾಯಿತು. ಇವರು ಎದ್ದರು. ಎದ್ದವರು ಬಲಗಡೆ ಕಿಟಕಿಯ ಹತ್ತಿರ ಹೋಗಿ, ತಲೆ ಹೊರಗೆ ಹಾಕಿ ಬೀದಿಯನ್ನು ನೋಡತೊಡಗಿದರು. ಫೋನು ಹಿಂದೆ ಬಡಕೊಳ್ಳುತ್ತಲೇ ಇತ್ತು. "ಯಾರದೋ ಫೋನು ಬೀದಿಯಲ್ಲಿ ಹೊಡ್ಕೋತಿದೆ," ಎಂದರು.

ನನ್ನ ಕಾಲು ಪೆಡಲ್ ಮೇಲೆ ಹಾಗೇ ನಿಂತಿತು. ಎದ್ದು ಹೋಗಿ, ಸದ್ದು ಮಾಡದೆ ಅವರ ಎಡಗಡೆಗೆ ನಿಂತೆ. "ಟೀ ಬೇಕಾ?" ಎಂದೆ. ಅವರು ಬೀದಿಯನ್ನೇ ನೋಡುತ್ತಿದ್ದರು. "ರೀ, ಟೀ ಬೇಕಾ?" ಏನೂ ಇಲ್ಲ. ನಾಲ್ಕು ಬೆರಳು ದೂರದಲ್ಲಿ ಹೆಂಡತಿ ನಿಂತು ಮಾತಾಡುತ್ತಿದ್ದಾಳೆ, ರೆಪ್ಪೆಯೂ ಅಲುಗಲಿಲ್ಲ. ಬಲಕ್ಕೆ ಹೋಗಿ ಅದೇ ದನಿಯಲ್ಲಿ ಅದೇ ಮಾತು ಕೇಳಿದೆ. "ಹೂಂ, ಸ್ವಲ್ಪ ಕೊಡು," ಎಂದರು.

ಟೀ ಮಾಡಲಿಲ್ಲ. "ಒಂದು ಹಾಡು ಹಾಕಿ," ಎಂದೆ.

ಮದುವೆಯಾದಾಗಿನಿಂದ ನಾನಾಗಿ ಹಾಗೆ ಕೇಳಿದ್ದು ಅದೇ ಮೊದಲು. ಅವರು ವಿಚಿತ್ರವಾಗಿ ನೋಡಿ, ರೆಕಾರ್ಡ್ ಹಾಕಿ, ಕೂತರು. ಹಾಡು ಶುರುವಾಯಿತು. "ಎಡಗಡೆಯದು ಸತ್ತೇ ಇದೆ ನೋಡು," ಎಂದರು.

"ಈಗ ಎದ್ದು ಕುರ್ಚಿ ತಿರುಗಿಸಿ. ಸ್ಪೀಕರಿಗೆ ಬೆನ್ನು ಹಾಕಿ ಕೂತ್ಕೊಳ್ಳಿ."

"ಇದೇನು ಹುಚ್ಚು?"

"ಕೂತ್ಕೊಳ್ಳಿ ಅಂದೆ."

ನನ್ನ ದನಿಯಲ್ಲಿ ಏನಿತ್ತೋ, ವಾದ ಮಾಡಲಿಲ್ಲ. ಕುರ್ಚಿ ತಿರುಗಿಸಿ ಬಾಗಿಲ ಕಡೆ ಮುಖ ಮಾಡಿ ಕೂತರು. ಹಿಂದಿನಿಂದ ಅವಳು ಹಾಡುತ್ತಿದ್ದಳು. ಅವರ ಕತ್ತು ನಿಧಾನವಾಗಿ ಬಿಗಿದುಕೊಳ್ಳುವುದು ನನಗೆ ಕಾಣುತ್ತಿತ್ತು.

"ಈಗ ಯಾವುದು ಸತ್ತಿದೆ?" ಎಂದು ಕೇಳಿದೆ.

ನಿಧಾನವಾಗಿ ಕೈ ಎತ್ತಿದರು, ತಮ್ಮ ಎಡಕ್ಕೇ. ತಿರುಗಿ ಕೂತಿದ್ದರಿಂದ ಆ ಕೈ ತೋರಿಸುತ್ತಿದ್ದದ್ದು ವಾರವೆಲ್ಲ ಸರಿಯಾಗಿ ಹಾಡುತ್ತಿದ್ದ ಬಲಗಡೆಯ ಸ್ಪೀಕರನ್ನು. ಸ್ಪೀಕರುಗಳು ಇದ್ದಲ್ಲೇ ಇದ್ದವು. ಸಾವು ಮಾತ್ರ ಇವರ ಜೊತೆಗೆ ತಿರುಗಿ ಕೂತಿತ್ತು.

ಎದ್ದು ತಾವೇ ಪ್ಲೇಯರ್ ನಿಲ್ಲಿಸಿದರು. ಎಡ ಕಿವಿಯ ಹತ್ತಿರ ಬೆರಳಿಗೆ ಬೆರಳು ತಿಕ್ಕಿದರು. ಬಲ ಕಿವಿಯ ಹತ್ತಿರ ತಿಕ್ಕಿದರು. ಮತ್ತೆ ಎಡಕ್ಕೆ. ಮೊನ್ನೆ ಸೋಮವಾರ ಬೆಳಿಗ್ಗೆ ಏಳುವಾಗಲೇ ಆ ಕಿವಿಯಲ್ಲಿ ನೀರು ಹೊಕ್ಕ ಹಾಗಿತ್ತಂತೆ, ಒಳಗೆ ಕುಂಯ್ ಅಂತ ಒಂದು ಸದ್ದು. ಶೀತ ಅಂದುಕೊಂಡರಂತೆ. ಪ್ರೆಸ್‌ನಲ್ಲಿ ಜೋಡಿ ಹಾಳೆ ಹೋದದ್ದು ಗೊತ್ತಾಗದೆ ಬೇರೆಯವರು ಓಡಿಬಂದು ಮಷಿನ್ ನಿಲ್ಲಿಸಿದ್ದರಂತೆ. ಎಲ್ಲ ಈಗ ಒಂದೊಂದಾಗಿ ಹೊರಬಂತು.

"ಯಾಕ್ರೀ ಹೇಳಲಿಲ್ಲ?"

"ಶೀತ ಆದ್ರೆ ಹೇಳೋದೇನಿದೆ," ಎಂದರು.

ಮರುದಿನ ಕಿವಿ ಡಾಕ್ಟರು ಟಾರ್ಚ್ ಹಾಕಿ ಒಳಗೆ ನೋಡಿದರು. ಕಬ್ಬಿಣದ ಕವೆಯೊಂದನ್ನು ಮೊಣಕೈಗೆ ತಟ್ಟಿ, ನಾದ ಬರಿಸಿ, ಹಣೆಯ ಮೇಲಿಟ್ಟು ಎಲ್ಲಿ ಕೇಳಿಸುತ್ತದೆ ಎಂದು ಕೇಳಿದರು. ಇವರು ಬಲಗಡೆ ಎಂದರು. ಡಾಕ್ಟರ ಮುಖದಲ್ಲಿದ್ದ ನಗು ಮಾಯವಾಯಿತು.

"ಕಿವಿಯ ಪೊರೆ ಚೆನ್ನಾಗಿದೆ. ತೊಂದರೆ ಒಳಗಿನ ನರದಲ್ಲಿ. ಕೆಲವರಿಗೆ ಹೀಗೆ ಇದ್ದಕ್ಕಿದ್ದ ಹಾಗೆ ಹೋಗುತ್ತೆ. ಯಾವತ್ತು ಶುರುವಾಯ್ತು?"

"ಹೋದ ಸೋಮವಾರ."

"ಅಯ್ಯೋ, ಮೊದಲನೇ ದಿನವೇ ಬರಬೇಕಿತ್ತು. ಇದರಲ್ಲಿ ತಡ ಮಾಡಿದಷ್ಟೂ ವಾಪಸ್ ಬರೋದು ಕಷ್ಟ. ವಾರವೆಲ್ಲ ಏನು ಮಾಡ್ತಿದ್ರಿ?"

ಇವರು ನೆಲ ನೋಡಿದರು. "ಸ್ಪೀಕರ್ ರಿಪೇರಿ ಮಾಡಿಸ್ತಿದ್ವಿ," ಎಂದು ನಾನೇ ಹೇಳಿದೆ. ಡಾಕ್ಟರಿಗೆ ಅರ್ಥವಾಗಲಿಲ್ಲ, ವಿವರಿಸುವ ಚೈತನ್ಯ ನನಗೂ ಇರಲಿಲ್ಲ.

ಕಿವಿ ಪರೀಕ್ಷೆ ಮಾಡಿಸಿದರು. ಎಡಗಡೆ ಹತ್ತಿರ ಹತ್ತಿರ ಏನೂ ಇಲ್ಲ. ಮಾತ್ರೆ ಬರೆದರು, ಪೊರೆಯ ಮೂಲಕವೇ ಕಿವಿಯೊಳಗೆ ಇಂಜೆಕ್ಷನ್ ಕೊಟ್ಟರು. ಕೆಲವರಿಗೆ ಪೂರ್ತಿ ಬರುತ್ತದೆ, ಕೆಲವರಿಗೆ ಸ್ವಲ್ಪ, ಕೆಲವರಿಗೆ ಬರುವುದೇ ಇಲ್ಲ, ಮುಂದಿನ ಪರೀಕ್ಷೆಯ ಹೊತ್ತಿಗೆ ಬಂದದ್ದೇ ಬಂದದ್ದು ಎಂದರು. ಅಲ್ಲಿಯವರೆಗೆ ಪ್ರೆಸ್ ಬೇಡ, ಜೋರು ಸದ್ದು ಬೇಡ.

ಆ ದಿನಗಳನ್ನು ಹೇಗೆ ಕಳೆದೆವೋ ನಮಗೇ ಗೊತ್ತು. ಸವತಿಯ ಮೇಲೆ ಬಟ್ಟೆ ಮುಚ್ಚಿದ್ದರು. ಮೊದಲು ಅದು ಹಾಡುವಾಗ ನನಗೆ ಸಿಟ್ಟು ಬರುತ್ತಿತ್ತು, ಈಗ ಅದು ಬಾಯಿ ಮುಚ್ಚಿ ಕೂತದ್ದನ್ನು ನೋಡಲಾಗದೆ ಮುಖ ತಿರುಗಿಸುತ್ತಿದ್ದೆ. ಬೆಳಿಗ್ಗೆ ಎದ್ದ ಕೂಡಲೇ ಇವರು ಎಡ ಕಿವಿಯ ಹತ್ತಿರ ಬೆರಳು ತಿಕ್ಕಿ ನೋಡುತ್ತಿದ್ದರು. ನಾನು ನಿದ್ದೆಯಲ್ಲಿರುವ ಹಾಗೆ ಮಲಗಿ, ಅರೆಗಣ್ಣಲ್ಲಿ ಅವರ ಮುಖವನ್ನೇ ನೋಡುತ್ತಿದ್ದೆ. ದಿನವೂ ಅದೇ ಮುಖ. ಕೇಳಲು ಧೈರ್ಯವಿಲ್ಲ, ಕೇಳದೇ ಇರಲು ಆಗುವುದಿಲ್ಲ. "ಏನಾದ್ರೂ?" ಎಂದರೆ "ಇನ್ನೂ ಇಲ್ಲ" ಎನ್ನುವರು. 'ಇನ್ನೂ' ಎನ್ನುವಷ್ಟು ದಿನ ಪರವಾಗಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಒಂದು ದಿನ ಬರಿಯ "ಇಲ್ಲ" ಎಂದರು.

ತಮ್ಮನಿಗೆ ವಿಷಯ ಗೊತ್ತಾಗಿ ಓಡಿಬಂದ. ಬಾಗಿಲಲ್ಲೇ ನಿಂತ. "ಭಾವ, ಮೀಟರ್ ಹಿಡಿದಿದ್ದವನು ನಾನು. ನಂಗಾದ್ರೂ ಹೊಳೀಬೇಕಿತ್ತು," ಎಂದು ಅವನು ಅಳುಮುಖ ಮಾಡಿದರೆ, ಇವರು ಎದ್ದು ಹೋಗಿ ಅವನ ಭುಜ ಹಿಡಿದರು.

"ನಿನ್ನ ಬೆಸುಗೆ ಗಟ್ಟಿಯಾಗಿದೆ ಕಣೋ," ಎಂದರು. "ಬಿಟ್ಟಿದ್ದು ನಂದು."

ಪರೀಕ್ಷೆಯ ದಿನ ಬಂತು. ಸದ್ದು ಒಳಗೆ ಬಾರದಂಥ ಪುಟ್ಟ ಕೋಣೆ, ಅದಕ್ಕೊಂದು ಗಾಜಿನ ಕಿಟಕಿ. ಒಳಗೆ ಇವರು ಹೆಡ್‌ಫೋನ್ ಹಾಕಿಕೊಂಡು, ಕೈಯಲ್ಲಿ ಒಂದು ಗುಂಡಿ ಹಿಡಿದು ಕೂತಿದ್ದರು. ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು, ಒತ್ತಿದರೆ ಹೊರಗೆ ಒಂದು ದೀಪ ಹತ್ತುತ್ತದೆ. ಹೊರಗೆ ಪರೀಕ್ಷೆ ಮಾಡುವ ಹುಡುಗಿ, ಅವಳ ಪಕ್ಕದಲ್ಲಿ ನಾನು.

ಬಲ ಕಿವಿ ಚಕಚಕ ಮುಗಿಯಿತು. ಎಡ ಕಿವಿ ಶುರುವಾಯಿತು. ಹುಡುಗಿ ತಿರುಪು ತಿರುಗಿಸುತ್ತಿದ್ದಳು, ದೀಪ ಹತ್ತಲಿಲ್ಲ. ಇನ್ನಷ್ಟು ತಿರುಗಿಸಿದಳು. ನಾನು ಗಾಜಿಗೆ ಮುಖ ಒತ್ತಿಕೊಂಡು ಇವರ ಹೆಬ್ಬೆರಳನ್ನೇ ನೋಡುತ್ತಿದ್ದೆ. ಇವರು ತಲೆ ಎತ್ತಿ ನನ್ನನ್ನು ನೋಡಿದರು. ದೀಪ ಹತ್ತಿತು. ಜೀವ ಬಂದಂತಾಯಿತು. ಮತ್ತೆ ಹತ್ತಿತು. ಮತ್ತೆ. ನನ್ನ ಕಣ್ಣು ಮಂಜಾಯಿತು, ಕೈ ತನ್ನಷ್ಟಕ್ಕೆ ತಾನೇ ಮುಗಿಯಿತು.

ಹುಡುಗಿ ತಿರುಪಿನಿಂದ ಕೈ ತೆಗೆದು ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿದಳು. ಮೈಕಿನಲ್ಲಿ ಮೆಲ್ಲಗೆ, "ಅಂಕಲ್, ನಾನೀಗ ಸೌಂಡೇ ಕೊಟ್ಟಿರಲಿಲ್ಲ," ಎಂದಳು.

"ಗೊತ್ತಮ್ಮ." ಒಳಗಿನ ಮಾತು ಹೊರಗಿನ ಪುಟ್ಟ ಸ್ಪೀಕರಿನಲ್ಲಿ ನನಗೂ ಕೇಳಿಸಿತು.

"ಮತ್ಯಾಕೆ ಒತ್ತಿದ್ರಿ?"

ಇವರು ಗುಂಡಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. "ನಾನು ಒತ್ತದೇ ಇದ್ರೆ ಅವಳ ಮುಖ ಬಾಡ್ತಿತ್ತು," ಎಂದರು.

ನನಗೆ ಒಳಗೆ ನುಗ್ಗಿ ಬೈಯಬೇಕು ಅನಿಸಿತು, ತಬ್ಬಿಕೊಂಡು ಅಳಬೇಕೂ ಅನಿಸಿತು. ಕಿವಿ ಹಾಳಾಗಿ ಹೋಗಲಿ, ನನಗೆ ಈ ಮನುಷ್ಯ ಇದ್ದರೆ ಸಾಕು ಅನಿಸಿತು. ಹಾಗಂದುಕೊಂಡ ಮರುಗಳಿಗೆಯೇ, ಅದನ್ನು ಯಾವ ದೇವರಾದರೂ ಕೇಳಿಸಿಕೊಂಡು ಹಾಗೇ ಮಾಡಿಬಿಟ್ಟರೆ ಎಂದು ಹೆದರಿದೆ. "ಮೊದಲಿಂದ ಮಾಡಮ್ಮ, ನಾನು ಇಲ್ಲಿರಲ್ಲ," ಎಂದು ಹುಡುಗಿಗೆ ಹೇಳಿ, ಗಾಜಿನ ಕಡೆ ನೋಡದೆ ಹೊರಗೆ ಬಂದು ಬಾಗಿಲೆಳೆದುಕೊಂಡೆ.

ಹೊರಗಿನ ಬೆಂಚಿನ ಮೇಲೆ ಕೂತೆ. ಯಾರೋ ನೆಲ ಒರೆಸುತ್ತಿದ್ದರು, ಕಾಲು ಎತ್ತಿ ಅಂದರು, ಎತ್ತಿದೆ. ಇಳಿಸಬೇಕೆಂದು ಮರೆತೇಹೋಯಿತು. ಒಳಗೆ ದೀಪ ಹತ್ತುತ್ತಿದೆಯೋ ಇಲ್ಲವೋ ತಿಳಿಯುವಂತಿಲ್ಲ. ಬಾಗಿಲು ತೆರೆದಾಗ ನನಗೆ ತಲೆಯೆತ್ತಲು ಆಗಲಿಲ್ಲ.

ಇವರು ಬಂದು ಪಕ್ಕದಲ್ಲಿ ಕೂತರು. "ತಗ್ಗಿನ ಸ್ವರ ಬಂದಿದೆ," ಎಂದರು. "ಮೇಲಿನ ಸ್ವರ ಬಂದಿಲ್ಲ. ಅದಿನ್ನು ಬರೋದು ಕಷ್ಟವಂತೆ. ಒಟ್ಟು ಅರ್ಧ ಅಂದ್ಕೋ. ಈ ಸಲ ಸುಳ್ಳು ಒತ್ತಿಲ್ಲ."

ಅರ್ಧ. ಅದು ಖುಷಿಯ ಸುದ್ದಿಯೋ ದುಃಖದ್ದೋ ನನಗೆ ತೋಚಲಿಲ್ಲ. ಕಣ್ಣೀರು ಮಾತ್ರ ಎರಡಕ್ಕೂ ಸೇರಿಸಿ ಸುರಿಯಿತು. ಅವರು ಸುಮ್ಮನೆ ಎದುರಿನ ಗೋಡೆ ನೋಡುತ್ತಾ ಕೂತಿದ್ದರು.

ಕೊನೆಗೆ ಮುಖ ಒರೆಸಿಕೊಂಡು ಎದ್ದೆ. ಬೇಕೆಂದೇ ಅವರ ಎಡಗಡೆಗೆ ಹೋಗಿ, ನನ್ನ ತುಟಿ ಅವರಿಗೆ ಕಾಣದ ಹಾಗೆ ಸ್ವಲ್ಪ ಹಿಂದಕ್ಕೆ ನಿಂತು, "ಮನೆಗೆ ಹೋಗೋಣ," ಎಂದೆ. ಅವರು ಅಲುಗಲಿಲ್ಲ. ಗಂಟಲು ಸರಿಮಾಡಿಕೊಂಡು, ಇನ್ನಷ್ಟು ಜೋರಾಗಿ, "ಮನೆಗೆ ಹೋಗೋಣ ರೀ," ಎಂದೆ.

"ಕೂಗಬೇಡ್ವೇ, ಆಗಲೇ ಕೇಳಿಸ್ತು," ಎಂದರು. "ಇನ್ನೊಂದು ಸಲ ಕೇಳೋಣ ಅಂತ ಸುಮ್ನಿದ್ದೆ."